ಹಂಚಿನ ಮೇಲೆ ನಿಂತಿದ್ದವರು ಯಾರು?

ಪ್ರಶ್ನೆ: ನನಗೀಗ 47 ವರ್ಷ. ಊರು ಭದ್ರಾವತಿ ಹತ್ತಿರದ ಹಳ್ಳಿ. ಬೆಂಗಳೂರಿನ ಖಾಸಗಿ ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸ. ಒಂದೂವರೆ–ಎರಡು ವರ್ಷದಿಂದ ಹಳೆಯ ದಿನಗಳ ಹುಚ್ಚು ಹಿಡಿದಂತಾಗಿದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಯೂಟ್ಯೂಬಿನಲ್ಲಿ ದೂರದರ್ಶನದ ಹಳೆಯ ಸಂಗೀತ, ಹಳೆಯ ಜಾಹೀರಾತು, ಫೇಸ್‌ಬುಕ್ಕಿನಲ್ಲಿ ಬರುವ ಹಳೆ ಕಾಲದ ಫೋಟೋ ನೋಡುತ್ತ ಒಂದು ಗಂಟೆಯಾದರೂ ಮಲಗುವುದಿಲ್ಲ. ನಾನು ಹುಡುಗನಾಗಿದ್ದಾಗ ಇಡೀ ಕೇರಿಗೆ ನಮ್ಮ ಮನೆಯದೊಂದೇ ಟಿವಿ. ಭಾನುವಾರದ ರಾಮಾಯಣಕ್ಕೆ ಮನೆ ತುಂಬ ಜನ. ಅಪ್ಪ ಏಣಿ ಹಾಕಿ ಹಂಚಿನ ಮೇಲೆ ಹತ್ತಿ, ಆಂಟೆನಾ ತಿರುಗಿಸುತ್ತ 'ಬಂತೇನೋ?' ಎಂದು ಕೂಗುವರು. 'ಬಂತು, ಬಂತು... ಹೋಯ್ತು' ಅಂತ ನಾನು ಒಳಗಿಂದ. ಈಗ ಮನೆಯಲ್ಲಿ ನಾವು ಮೂವರು, ಫೋನು ನಾಲ್ಕು, ಮಾತಿಲ್ಲ. ಇಂಟರ್ನೆಟ್ ಬಂದು ಎಲ್ಲ ಹಾಳಾಯಿತು ಅನ್ನಿಸುತ್ತದೆ. 15 ವರ್ಷದ ಮಗಳು 'ಅಪ್ಪಾ, ನಿಮ್ಮ ಕಾಲದ ಕಥೆ ಸಾಕು' ಅನ್ನುತ್ತಾಳೆ. ಇದು ಕಾಯಿಲೆಯೇ? ಆ ಕಾಲ ನಿಜವಾಗಿ ಚೆನ್ನಾಗಿತ್ತೇ, ಇಲ್ಲ ನನ್ನ ಮನಸ್ಸೇ ಮೋಸ ಮಾಡುತ್ತಿದೆಯೇ? ಕೆಲಸ ಬಿಟ್ಟು ಊರಿಗೆ ಹೋಗಿ ಫೋನೇ ಇಲ್ಲದೆ ಇದ್ದುಬಿಡಲೇ? ಊರಲ್ಲಿ ಅಮ್ಮ ಒಬ್ಬರೇ ಇದ್ದಾರೆ. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು.
— ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಓದಿದಾಗ ಇಂಟರ್ನೆಟ್ಟಿನ ಬಗ್ಗೆ ಉತ್ತರ ಬರೆಯಬೇಕು ಅಂದುಕೊಂಡೆ. ಎರಡನೆಯ ಸಲ ಕೊನೆಯ ವಾಕ್ಯದ ಹತ್ತಿರ ಬಂದು ನಿಂತುಬಿಟ್ಟೆ. ಹಳೆಯ ದಿನಗಳ ಹುಚ್ಚು ಹಿಡಿದು ಒಂದೂವರೆ–ಎರಡು ವರ್ಷ ಎಂದು ಪತ್ರದ ಮೊದಲಲ್ಲಿದೆ. ಅಪ್ಪ ತೀರಿಕೊಂಡು ಎರಡು ವರ್ಷ ಎಂದು ಕೊನೆಯಲ್ಲಿದೆ. ನಡುವೆ ಟಿವಿ, ಫೋನು, ಹಾಳಾದ ಕಾಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಜನರ ಮಾತು ಕೇಳುತ್ತ ಕೂತ ನನಗೆ ಇದು ಹೊಸದಲ್ಲ. ಬಂದವರು ಮುಕ್ಕಾಲು ಗಂಟೆ ಬೇರೇನೋ ಹೇಳಿ, ಎದ್ದು ಚಪ್ಪಲಿ ಮೆಟ್ಟುವಾಗ ಬಾಗಿಲ ಹತ್ತಿರ ನಿಜವಾದ ಸಂಗತಿಯನ್ನು ಹೇಳುತ್ತಾರೆ. ನೀವು ಕೇಳಿದ ಮೂರೂ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಆದರೆ ಆ ಕೊನೆಯ ವಾಕ್ಯವನ್ನು ಮರೆಯದೆ ಹೇಳುತ್ತೇನೆ.

ಕಾಯಿಲೆಯೇ ಎಂದು ಕೇಳಿದ್ದೀರಿ. ಒಂದು ಕಾಲಕ್ಕೆ ಹಾಗೆಯೇ ತಿಳಿದಿದ್ದರು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ವೈದ್ಯಕೀಯ ಓದುತ್ತಿದ್ದ ಯೋಹಾನ್ನೆಸ್ ಹೋಫರ್ 1688ರಲ್ಲಿ ಒಂದು ಪ್ರಬಂಧ ಬರೆದ. ಮನೆಗೆ ಮರಳುವುದು ಎಂಬರ್ಥದ ಒಂದು ಗ್ರೀಕ್ ಪದಕ್ಕೆ ನೋವು ಎಂಬರ್ಥದ ಇನ್ನೊಂದನ್ನು ಸೇರಿಸಿ 'ನಾಸ್ಟಾಲ್ಜಿಯಾ' ಎಂಬ ಹೆಸರು ಕಟ್ಟಿದವನು ಅವನೇ. ಸಂಬಳಕ್ಕಾಗಿ ಪರದೇಶದ ಸೈನ್ಯದಲ್ಲಿ ದುಡಿಯುತ್ತಿದ್ದ ಸ್ವಿಸ್ ಸಿಪಾಯಿಗಳು ಊರಿನ ನೆನಪಲ್ಲಿ ಊಟ ಬಿಟ್ಟು, ನಿದ್ದೆಗೆಟ್ಟು ಕೊರಗುವುದಕ್ಕೆ ಇಟ್ಟ ಹೆಸರದು. ಜಿಗಣೆ ಹಚ್ಚಿದರು, ಅಫೀಮು ಕೊಟ್ಟರು, ಯಾವುದಕ್ಕೂ ಬಗ್ಗದಿದ್ದರೆ ಊರಿಗೇ ಕಳಿಸಿದರು. ಇವತ್ತು ಯಾವ ವೈದ್ಯರೂ ಅದನ್ನು ರೋಗದ ಪಟ್ಟಿಯಲ್ಲಿ ಇಡುವುದಿಲ್ಲ.

ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹನ್ನೆರಡು ಹದಿಮೂರಕ್ಕೆ ಮದುವೆಯಾಗಿ ಇಪ್ಪತ್ತು ಹರದಾರಿ ಆಚೆಗೆ ಹೋದವರು, ಪಂಚಮಿಗೆ ಅಣ್ಣ ಕರೆಯಲು ಬರುತ್ತಾನೆಂದು ದಾರಿ ಕಾದವರು, ಬೀಸುವ ಕಲ್ಲಿನ ಮುಂದೆ ಕೂತು ತವರನ್ನು ಹಾಡಿಕೊಂಡರು. ಆ ಹಾಡುಗಳಲ್ಲಿ ತವರು ಒಂದು ಕಾಲವೂ ಹೌದು, ಒಂದು ಊರೂ ಹೌದು. ಹಂಬಲಕ್ಕೆ ಒಂದು ರಾಗ ಸಿಕ್ಕಿತು, ಹಾಡು ಮುಗಿಯುವ ಹೊತ್ತಿಗೆ ಹಿಟ್ಟೂ ಆಯಿತು. ಸಾಹಿತ್ಯದವರು ಇದಕ್ಕೆ 'ಗತಕಾಲದ ಹಳಹಳಿಕೆ' ಎನ್ನುತ್ತಾರೆ, ಸ್ವಲ್ಪ ಬೈಯುವ ದನಿಯಲ್ಲಿ. ನನಗೆ 'ಮೆಲುಕು' ಎಂಬ ಮಾತು ಇಷ್ಟ. ದನ ಮೇಯುವಾಗ ಅವಸರದಲ್ಲಿ ನುಂಗಿದ್ದನ್ನು ನೆರಳಲ್ಲಿ ಕೂತು ಮತ್ತೆ ಬಾಯಿಗೆ ತಂದು ಅಗಿಯುತ್ತದೆ. ಅಗಿಯದೆ ಅರಗುವುದಿಲ್ಲ. ನಿಮ್ಮದು ಕಾಯಿಲೆಯಲ್ಲ, ಆದರೆ ಅಗಿಯುವ ಕೆಲಸ ಮುಂದೆ ಸಾಗದೆ ಅದೇ ತುತ್ತು ಬಾಯಲ್ಲಿ ತಿರುಗುತ್ತಿದೆ. ಏಕೆ ಎಂದು ನೋಡೋಣ.

ಮನಸ್ಸು ಮೋಸ ಮಾಡುತ್ತಿದೆಯೇ ಎಂಬ ಎರಡನೆಯ ಪ್ರಶ್ನೆಗೆ ಮನಶ್ಶಾಸ್ತ್ರದಲ್ಲಿ ಬೇಕಾದಷ್ಟು ಕೆಲಸ ನಡೆದಿದೆ. ವಯಸ್ಸಾದವರನ್ನು ಕೂರಿಸಿ ಜೀವನದ ನೆನಪುಗಳನ್ನು ಹೇಳಿ ಎಂದರೆ, ಸುಮಾರು ಹತ್ತರಿಂದ ಮೂವತ್ತರ ವಯಸ್ಸಿನ ನಡುವಿನವೇ ಹೆಚ್ಚು ಬರುತ್ತವೆ. ಮೊದಲ ಸೈಕಲ್ಲು, ಮೊದಲ ಸಂಬಳ, ಮೊದಲ ಸಾವು, ಎಲ್ಲ ಮೊದಲುಗಳು ಅಲ್ಲೇ ಇರುತ್ತವೆ. ಇನ್ನೊಂದು: ಕಾಲ ಕಳೆದಂತೆ ಕಹಿ ನೆನಪಿನ ಕಹಿ ಬೇಗ ಇಳಿಯುತ್ತದೆ, ಸಿಹಿಯ ಸಿಹಿ ನಿಧಾನವಾಗಿ ಇಳಿಯುತ್ತದೆ. ಪ್ರವಾಸಕ್ಕೆ ಹೋದವರನ್ನು ಪ್ರವಾಸದ ನಡುವೆಯೂ, ಮನೆಗೆ ಬಂದ ಮೇಲೂ ಕೇಳಿ ನೋಡಿದ ಸಂಶೋಧಕರಿದ್ದಾರೆ. ಬಸ್ಸು ಕೆಟ್ಟದ್ದು, ಮಳೆ ಹೊಡೆದದ್ದು ಮನೆಗೆ ಬಂದ ಮೇಲೆ ಹಗುರಾಗಿ, ಪ್ರವಾಸ ಚೆನ್ನಾಗಿತ್ತು ಅನ್ನುವುದೇ ಉಳಿಯುತ್ತದೆ. ಇದನ್ನು ಮೋಸ ಎನ್ನಲು ನನಗೆ ಮನಸ್ಸಿಲ್ಲ. ಹೆರಿಗೆಯ ನೋವು ಇದ್ದಷ್ಟೇ ತೀಕ್ಷ್ಣವಾಗಿ ನೆನಪಿದ್ದಿದ್ದರೆ ಎರಡನೆಯ ಮಗುವಿಗೆ ಎಷ್ಟು ಜನ ತಾಯಂದಿರು ಒಪ್ಪುತ್ತಿದ್ದರು?

ಆದರೆ ನಿಮ್ಮ ವಯಸ್ಸಿನವರಿಗೆ ಒಂದು ವಿಶೇಷ ಕಾಕತಾಳೀಯ ಒದಗಿದೆ. ಲೆಕ್ಕದವರು ನೀವು, ಲೆಕ್ಕ ಹಾಕಿ ನೋಡಿ. ನಿಮಗೀಗ 47 ಎಂದರೆ 1995ರಲ್ಲಿ ಹದಿನೇಳರ ಆಸುಪಾಸು. ಆ ವರ್ಷ ಜುಲೈ 31ರಂದು ದೇಶದ ಮೊದಲ ಮೊಬೈಲ್ ಕರೆ ಹೋಯಿತು, ಕಲ್ಕತ್ತೆಯಿಂದ ಆಗಿನ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯ ಕೇಂದ್ರ ದೂರಸಂಪರ್ಕ ಸಚಿವ ಸುಖ್‌ರಾಂ ಜೊತೆ ಮಾತಾಡಿದರು. ಹದಿನೈದು ದಿನ ಕಳೆದು ಆಗಸ್ಟ್ 15ರಂದು ಆಗಿನ ಸರ್ಕಾರಿ ಸಂಸ್ಥೆ ವಿದೇಶ ಸಂಚಾರ ನಿಗಮ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆಯಿತು. ನೀವು ಹುಡುಗತನ ಬಿಟ್ಟು ಊರಿನಿಂದ ಹೊರಬೀಳುವ ಹೊತ್ತು, ಅದು ದೇಶದೊಳಗೆ ಕಾಲಿಡುವ ಹೊತ್ತು, ಎರಡೂ ಒಂದೇ. ನಿಮ್ಮ ತಂದೆಯ ಹೆಗಲ ಮೇಲಿದ್ದ ಭಾರ ನಿಮ್ಮ ಹೆಗಲಿಗೆ ಬಂದದ್ದೂ, ಇಂಟರ್ನೆಟ್ ನಿಮ್ಮ ಮೇಜಿನ ಮೇಲೆ ಬಂದದ್ದೂ ಜೊತೆಜೊತೆಗೆ. ಹೀಗಿರುವಾಗ ಮನಸ್ಸು ಒಂದರ ನೋವನ್ನು ಇನ್ನೊಂದರ ತಲೆಗೆ ಕಟ್ಟುವುದು ಸಹಜ. ನಿಮಗಿಂತ ಇಪ್ಪತ್ತು ವರ್ಷ ಹಿರಿಯರ ಜೊತೆ ಮಾತಾಡಿ ನೋಡಿ. ನೀವು ಹಂಬಲಿಸುವ ಅದೇ ಟಿವಿ ಬಂದು ಜಗಲಿಯ ಹರಟೆ, ಬಯಲಾಟ ಎಲ್ಲ ಹೋಯಿತು ಎನ್ನುವವರು ಅವರಲ್ಲಿ ಬೇಕಾದಷ್ಟು ಸಿಗುತ್ತಾರೆ.

ಈಗ ಆ ಭಾನುವಾರಕ್ಕೆ ಬರೋಣ. ರಾಮಾಯಣ 1987ರ ಜನವರಿಯಿಂದ 1988ರ ಜುಲೈವರೆಗೆ ನಡೆಯಿತು, ಬೆಳಿಗ್ಗೆ ಒಂಬತ್ತೂವರೆಗೆ. ನೀವು ಆಗ ಮೂರನೆಯ ನಾಲ್ಕನೆಯ ಇಯತ್ತೆಯ ಹುಡುಗ, ಚಾಪೆಯ ಮೇಲೆ ಎಲ್ಲರಿಗಿಂತ ಮುಂದೆ ಕೂತಿದ್ದೀರಿ. ಆ ಚಿತ್ರವನ್ನು ಮತ್ತೊಮ್ಮೆ ನಿಧಾನವಾಗಿ ನೋಡಿ ಎಂದು ಕೇಳಿಕೊಳ್ಳುತ್ತೇನೆ. ನಿಮ್ಮ ಅಮ್ಮ ಎಲ್ಲಿದ್ದಾರೆ? ಮನೆ ತುಂಬ ಜನ ಎಂದಿರಿ. ಬಂದವರಿಗೆ ಕಾಫಿ ಕಾಯಿಸಿದವರು ಯಾರು, ಆಮೇಲೆ ಲೋಟ ತೊಳೆದವರು ಯಾರು? ಅವರು ಎಷ್ಟು ಸಂಚಿಕೆಯನ್ನು ಕೂತು ನೋಡಿದರು, ಎಷ್ಟನ್ನು ಅಡುಗೆಮನೆಯ ಬಾಗಿಲಲ್ಲಿ ಸೆರಗಿಗೆ ಕೈ ಒರೆಸುತ್ತ ನಿಂತು ನೋಡಿದರು? ಇನ್ನೊಂದು ಪ್ರಶ್ನೆ ಕೇಳಲು ಸ್ವಲ್ಪ ಕಷ್ಟವಾಗುತ್ತದೆ, ಆದರೂ ಕೇಳಲೇಬೇಕು. ಆಚೆ ಕೇರಿಯವರು ಬಂದಿದ್ದರೇ? ಬಂದಿದ್ದರೆ ಎಲ್ಲಿ ಕೂತಿದ್ದರು? ನಮ್ಮ ಊರಿನಲ್ಲಿ ಟಿವಿ ಇದ್ದ ಮನೆಯೊಂದಕ್ಕೆ ಅದೇ ವರ್ಷ ರಜೆಯಲ್ಲಿ ಹೋಗಿದ್ದೆ. ಕೆಲವರು ಒಳಗೆ ಚಾಪೆಯ ಮೇಲೆ, ಕೆಲವರು ಕಟ್ಟೆಯ ಮೇಲೆ, ಇನ್ನು ಕೆಲವರು ಅಂಗಳದಲ್ಲಿ ಬಿಸಿಲಿಗೆ ನಿಂತು ಕಿಟಕಿಯ ಸರಳಿನ ಸಂದಿಯಿಂದ ನೋಡುತ್ತಿದ್ದರು. ಯಾರೂ ಯಾರಿಗೂ ಜಾಗ ತೋರಿಸಲಿಲ್ಲ, ಎಲ್ಲರಿಗೂ ತಮ್ಮ ಜಾಗ ಗೊತ್ತಿತ್ತು. ಆ ಅಂಗಳದಲ್ಲಿ ನಿಂತಿದ್ದ ಹುಡುಗನಿಗೂ ಈಗ 47 ಆಗಿರುತ್ತದೆ. ಅವನ ಫೋನಿನಲ್ಲಿ ಅವನಿಗೆ ಬೇಕಾದ್ದನ್ನು ಅವನು ಕೂತು ನೋಡುತ್ತಾನೆ. ಸರಳ ಕಾಲ ಎಂಬ ಮಾತನ್ನು ಅವನ ಮುಂದೆ ಹೇಳಲು ನನ್ನ ನಾಲಿಗೆ ಏಳುವುದಿಲ್ಲ.

ನನ್ನದೇ ಒಂದು ಸಂಗತಿ ಹೇಳುತ್ತೇನೆ. ನಾನು ಕಿತ್ತೂರಿನ ಕಡೆಯವಳು. 1985ರಲ್ಲಿ ಬೆಂಗಳೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದೆ. ಹದಿನೈದು ದಿನಕ್ಕೊಮ್ಮೆ ಅವ್ವನಿಂದ ನೀಲಿ ಇನ್‌ಲ್ಯಾಂಡ್ ಬರುತ್ತಿತ್ತು. ಅವ್ವನಿಗೆ ಓದು ಬರಹ ಬಾರದು. ಅವಳೊಬ್ಬಳೇ ಹಾಗಿರಲಿಲ್ಲ. 1991ರ ಜನಗಣತಿಯಲ್ಲೂ ಕರ್ನಾಟಕದ ಹೆಣ್ಣುಮಕ್ಕಳಲ್ಲಿ ಅಕ್ಷರ ಬಲ್ಲವರು ಶೇಕಡಾ 44 ಮಾತ್ರ. ಪಕ್ಕದ ಮನೆಯ ಎಂಟನೇ ಇಯತ್ತೆಯ ಹುಡುಗ ಅವಳು ಹೇಳಿದ್ದನ್ನು ಬರೆಯುತ್ತಿದ್ದ. 'ಉಭಯ ಕುಶಲೋಪರಿ ಸಾಂಪ್ರತ' ಎಂದು ಶುರು. ಇಲ್ಲಿ ಎಲ್ಲರೂ ಆರಾಮ, ಮಳೆ ಚೆನ್ನಾಗಿ ಆಗಿದೆ, ಎಮ್ಮೆ ಈದಿದೆ, ನೀನು ಆರೋಗ್ಯದ ಕಡೆ ಲಕ್ಷ್ಯ ಕೊಡು. ಹುಡುಗನ ಅಕ್ಷರ ಮುತ್ತಿನಂತಿತ್ತು. ಆ ಪತ್ರಗಳನ್ನು ಎದೆಗೊತ್ತಿಕೊಂಡು ಓದಿದ್ದೇನೆ, ಗೋಂದು ಹಚ್ಚುವ ಮಡಿಕೆಯಲ್ಲೂ ಬರೆದಿರುತ್ತಿದ್ದ ಸಾಲು ಹರಿಯದ ಹಾಗೆ ಉಗುರಿನಿಂದ ಬಿಡಿಸಿದ್ದೇನೆ. ಇವತ್ತಿಗೂ ಒಂದು ಟ್ರಂಕಿನಲ್ಲಿ ಇವೆ.

ಆ ವರ್ಷ ದೀಪಾವಳಿಗೆ ಊರಿಗೆ ಹೋದಾಗ ಅವ್ವ ಅರ್ಧ ಆಗಿದ್ದಳು. ಮಳೆಗಾಲದಲ್ಲಿ ಗರ್ಭಕೋಶದ ಆಪರೇಷನ್ ಆಗಿತ್ತು, ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದು ಬಂದಿದ್ದಳು. ನನ್ನ ಟ್ರಂಕಿನಲ್ಲಿದ್ದ ಪತ್ರಗಳಲ್ಲಿ ಆ ಹನ್ನೆರಡು ದಿನಗಳೇ ಇರಲಿಲ್ಲ. 'ಯಾಕ ತಿಳಿಸಲಿಲ್ಲವ್ವಾ' ಎಂದು ಅತ್ತೆ. 'ಆ ಹುಡುಗನ ಕೈಲೆ ಅದನ್ನ ಹೆಂಗ ಬರಸಲಿ?' ಅಂದಳು.

ಮರುವರ್ಷ ಜುಲೈನಲ್ಲಿ ನಮ್ಮ ಕಿತ್ತೂರಿಗೆ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ ಗ್ರಾಮೀಣ ದೂರವಾಣಿ ಎಕ್ಸ್‌ಚೇಂಜ್ ಬಂತು. ದೇಶದಲ್ಲೇ ಮೊದಲನೆಯದು, 128 ತಂತಿಗಳನ್ನು ಜೋಡಿಸಬಲ್ಲ ಒಂದು ಪೆಟ್ಟಿಗೆ. ಅದಕ್ಕಿಂತ ಮೊದಲು ಪರಊರಿಗೆ ಮಾತಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ, ಸಾದಾ, ಅರ್ಜೆಂಟ್, ಲೈಟ್ನಿಂಗ್ ಎಂದು ದುಡ್ಡಿನ ಪ್ರಕಾರ ಸರದಿ ಕಾಯಬೇಕಿತ್ತು. ಕ್ರಮೇಣ ಅಂಗಡಿಗಳಲ್ಲಿ ಎಸ್‌ಟಿಡಿ ಬೂತುಗಳು ಬಂದವು, ಅವ್ವನ ದನಿ ಕೇಳುವಂತಾಯಿತು. ಆದರೆ ಅಂಗಡಿಯಲ್ಲಿ ನಾಲ್ಕು ಜನ ನಿಂತಿರುತ್ತಿದ್ದರು, ಮೀಟರಿನ ಕೆಂಪು ಅಂಕಿ ಓಡುತ್ತಿತ್ತು. ಅಲ್ಲೂ 'ಎಲ್ಲಾರೂ ಆರಾಮ' ಎಂಬಲ್ಲಿಗೇ ಮಾತು ಮುಗಿಯುತ್ತಿತ್ತು.

ಅವ್ವ ಎಂಬತ್ತು ದಾಟಿದ ಮೇಲೆ ಮೊಮ್ಮಗ ಅವಳಿಗೆ ವಾಟ್ಸ್ಯಾಪಿನಲ್ಲಿ ಮೈಕಿನ ಗುರುತು ಒತ್ತಿ ಹಿಡಿದು ಮಾತಾಡುವುದನ್ನು ಕಲಿಸಿದ. ಮೊದಲ ಸಲ ಬಂದದ್ದು ಮೂರು ನಿಮಿಷದ ಮಾತು. ಮೊಣಕಾಲಿನ ನೋವು, ಸೊಸೆಯ ಮೇಲೆ ಸಣ್ಣ ಸಿಟ್ಟು, ಯಾವುದೋ ಕನಸು. ನಡುವೆ ಉಸಿರೆಳೆದುಕೊಂಡು, 'ಈಗ ಯಾರ ಕೈಲೂ ಬರಸೋದು ಬ್ಯಾಡ ನೋಡು' ಅಂದಳು. ನನಗೆ ಅರವತ್ತರ ಹತ್ತಿರವಾಗಿತ್ತು. ಅವ್ವ ನನಗೊಬ್ಬಳಿಗೇ ಬರೆದ ಮೊದಲ ಪತ್ರ ಅದು ಅನ್ನಿಸಿತು. ಹಾಗಾಗಿ ಇಂಟರ್ನೆಟ್ ಬಂದು ಎಲ್ಲ ಹಾಳಾಯಿತು ಎಂಬ ನಿಮ್ಮ ಮಾತಿಗೆ ಹೂಂಗುಟ್ಟಲು ನನ್ನಿಂದಾಗದು.

ಇಷ್ಟು ಹೇಳಿದ ಮೇಲೂ, ನೀವು ಏನೂ ಕಳೆದುಕೊಂಡಿಲ್ಲ ಎಂದು ನಾನು ಹೇಳುತ್ತಿಲ್ಲ. ಕಳೆದುಕೊಂಡಿದ್ದೀರಿ, ನಾನೂ ಕಳೆದುಕೊಂಡಿದ್ದೇನೆ. ಅದು ಏನು ಎಂದು ಸರಿಯಾಗಿ ಹೆಸರಿಸಿದರೆ ಅರ್ಧ ದಾರಿ ಸವೆದಂತೆ.

ಆಗಿನ ಪ್ರತಿಯೊಂದಕ್ಕೂ ಒಂದು ಕೊನೆ ಇತ್ತು. ಇನ್‌ಲ್ಯಾಂಡ್ ಪತ್ರದಲ್ಲಿ ಜಾಗ ಮುಗಿಯುತ್ತಿತ್ತು. ದಿನಪತ್ರಿಕೆ ಮಧ್ಯಾಹ್ನದ ಬಸ್ಸಿಗೆ ಬಂದು ಸಂಜೆಗೆ ಓದಿ ಮುಗಿಯುತ್ತಿತ್ತು, ಮರುದಿನ ಅದರಲ್ಲಿ ಕಡಲೆ ಕಟ್ಟುತ್ತಿದ್ದರು. ನಿಮ್ಮ ಭದ್ರಾವತಿ ಆಕಾಶವಾಣಿ ರಾತ್ರಿ ಹನ್ನೊಂದರ ಸುಮಾರಿಗೆ ಇವತ್ತಿನ ಪ್ರಸಾರ ಮುಗಿಯಿತು ಎಂದು ಹೇಳಿ ಸುಮ್ಮನಾಗುತ್ತಿತ್ತು. ದೂರದರ್ಶನದ ಕಾರ್ಯಕ್ರಮ ಮುಗಿದರೆ ಪರದೆಯ ಮೇಲೆ ಇರುವೆ ಹರಿದಂತೆ ಚುಕ್ಕೆಗಳು. ಆಗ ಯಾರೋ ಎದ್ದು ಗುಂಡಿ ತಿರುಗಿಸುತ್ತಿದ್ದರು, ಕೋಣೆ ಕತ್ತಲಾಗುತ್ತಿತ್ತು, ಮಲಗುತ್ತಿದ್ದೆವು. ಸಾಕು ಎಂದು ನಿರ್ಧರಿಸುವ ಕಷ್ಟ ನಮಗಿರಲಿಲ್ಲ. ಬೇರೆ ಯಾರೋ ನಮ್ಮ ಪರವಾಗಿ ಅದನ್ನು ಮಾಡುತ್ತಿದ್ದರು.

2006ರಲ್ಲಿ ಅಝಾ ರಾಸ್ಕಿನ್ ಎಂಬ ಅಮೆರಿಕದ ವಿನ್ಯಾಸಕಾರರು ಪುಟದ ಕೊನೆಯೇ ಬಾರದ ಹಾಗೆ, ಬೆರಳು ಎಳೆದಷ್ಟೂ ಮುಂದಿನದು ತಾನೇ ಬರುವ ವ್ಯವಸ್ಥೆಯನ್ನು ರೂಪಿಸಿದರು. ಮುಂದಿನ ಪುಟ ಎಂಬ ಗುಂಡಿ ಒತ್ತುವ ತೊಂದರೆ ತಪ್ಪಲಿ ಎಂಬುದು ಆಗಿನ ಉದ್ದೇಶ. ಆಮೇಲೆ ಅವರೇ ಅದಕ್ಕಾಗಿ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟರು. ಗುಂಡಿ ಒತ್ತಬೇಕಿದ್ದಾಗ ಮನಸ್ಸಿಗೆ ಅರೆಗಳಿಗೆ ನಿಲ್ಲಲು ಒಂದು ಹೊಸ್ತಿಲು ಇತ್ತು. ಹೊಸ್ತಿಲು ಹೋದ ಮೇಲೆ ಒಳಗೆ ಯಾವುದು, ಹೊರಗೆ ಯಾವುದು? ನೀವು ರಾತ್ರಿ ಒಂದು ಗಂಟೆಯವರೆಗೆ ಕೂತಿರುವುದು ನಿಮ್ಮ ದೌರ್ಬಲ್ಯದಿಂದ ಎಂದು ಭಾವಿಸಬೇಡಿ. ನೀವು ನಿಲ್ಲಬಾರದೆಂದೇ ಅದನ್ನು ಕಟ್ಟಿದ್ದಾರೆ.

ಕೊನೆಯ ಜೊತೆಗೇ ಹೋದದ್ದು, ಒಂದೇ ಹೊತ್ತಿಗೆ ಒಂದೇ ಕಡೆ ನೋಡುವುದು. ಇದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ, ಮೂವರಿಗೆ ನಾಲ್ಕು ಫೋನು ಎಂದು ನೀವೇ ಬರೆದಿದ್ದೀರಿ.

ಈಗ ನಿಮ್ಮ ರಾತ್ರಿಗಳ ಬಗ್ಗೆ. ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಕಾನ್‌ಸ್ಟಂಟೀನ್ ಸೆಡಿಕಿಡಿಸ್, ಟಿಮ್ ವೈಲ್ಡ್‌ಶುಟ್ ಮತ್ತು ಅವರ ಜೊತೆಯವರು ಎರಡು ದಶಕಗಳಿಂದ ಈ ಹಂಬಲವನ್ನೇ ಅಭ್ಯಾಸ ಮಾಡುತ್ತಿದ್ದಾರೆ. ಒಂಟಿತನ ಈ ಹಂಬಲವನ್ನು ಎಬ್ಬಿಸುತ್ತದೆ, ಎದ್ದ ಹಂಬಲ ತಿರುಗಿ ಒಂಟಿತನವನ್ನು ಸ್ವಲ್ಪ ಇಳಿಸುತ್ತದೆ ಎಂಬುದು ಅವರು ಕಂಡದ್ದು. ಆದರೆ ಆ ಪ್ರಯೋಗಗಳಲ್ಲಿ ಜನ ಮಾಡಿದ್ದೇನು ಎಂಬುದು ಮುಖ್ಯ. ತಮ್ಮದೇ ಬದುಕಿನ ಒಂದು ಘಟನೆಯನ್ನು, ಅದರಲ್ಲಿದ್ದ ತಮ್ಮವರನ್ನು ನೆನೆದು ಬರೆದರು. ನೀವು ರಾತ್ರಿ ಮಾಡುತ್ತಿರುವುದು ಬೇರೆ. ಯಾರೋ ಪೋಸ್ಟ್ ಮಾಡಿದ ಅಂಬಾಸಿಡರ್ ಕಾರು, ಯಾರದೋ ಮನೆಯ ರೇಡಿಯೋ, ಎಲ್ಲರಿಗೂ ಸಲ್ಲುವ ಒಂದು ಜಾಹೀರಾತು. ಅದರಲ್ಲಿ ನಿಮ್ಮ ಅಪ್ಪ ಇಲ್ಲ. ನೂರು ಚಿತ್ರ ನೋಡಿದರೂ ಅವರು ಸಿಗುವುದಿಲ್ಲ, ಅದಕ್ಕೇ ನೂರ ಒಂದನೆಯದನ್ನು ನೋಡುತ್ತೀರಿ.

ನಿಮ್ಮ ಪತ್ರದಲ್ಲಿ ಹೊಳೆಯುವ ಸಾಲು ಯಾವುದು ಗೊತ್ತೇ? ರಾಮಾಯಣವಲ್ಲ, ಜನ ತುಂಬಿದ ಮನೆಯೂ ಅಲ್ಲ. ಹಂಚಿನ ಮೇಲಿನಿಂದ 'ಬಂತೇನೋ?' ಎಂದು ಕೇಳಿದ ದನಿ. ಚಿತ್ರ ಬರುವವರೆಗೂ ಆ ಮನುಷ್ಯ ಕೆಳಗಿಳಿಯುವುದಿಲ್ಲ. ಒಳಗೆ ಕೂತವರೆಲ್ಲ ಟಿವಿ ನೋಡುತ್ತಾರೆ, ಅವರು ಮಾತ್ರ ಮೇಲೆ ಬಿಸಿಲಲ್ಲಿ ನಿಂತು ನಿಮ್ಮ ಮಾತನ್ನು ನಂಬಿ ಕಂಬ ತಿರುಗಿಸುತ್ತಾರೆ. ನೀವು 1987 ಬೇಕು ಅನ್ನುತ್ತಿದ್ದೀರಿ. ನನಗೆ ಕೇಳಿಸುತ್ತಿರುವುದು ಅಪ್ಪ ಬೇಕು ಎಂದು. ನನ್ನ ಊಹೆ ತಪ್ಪಿದ್ದರೆ ಕ್ಷಮಿಸಿ. ಆದರೆ ಎರಡು ವರ್ಷದಲ್ಲಿ ನೀವು ಅವರಿಗಾಗಿ ಕೂತು ಅತ್ತಿದ್ದೀರಾ? ಗಂಡುಮಕ್ಕಳಿಗೆ, ಅದರಲ್ಲೂ ಕರ್ಮಾಂತರದ ಓಡಾಟ, ಖಾತೆ ಬದಲಾವಣೆ, ಪಿಂಚಣಿಯ ಕಾಗದಪತ್ರ ಎಲ್ಲವನ್ನೂ ಹೊತ್ತವರಿಗೆ ಅದಕ್ಕೆ ಬಿಡುವೇ ಸಿಗುವುದಿಲ್ಲ. ಹದಿಮೂರನೆಯ ದಿನ ಸಿಹಿ ಬಡಿಸಿ ಮುಗಿಸುತ್ತೇವೆ, ರಜೆ ಮುಗಿಯುತ್ತದೆ, ಬೆಂಗಳೂರಿನ ಬಸ್ಸು ಹತ್ತುತ್ತೇವೆ.

ಹಾಗಾದರೆ ಏನು ಮಾಡಬೇಕು? ಕೆಲಸ ಬಿಟ್ಟು ಊರು ಸೇರುವ ಯೋಚನೆಯನ್ನು ಒಂದು ವರ್ಷ ಪಕ್ಕಕ್ಕಿಡಿ. ಊರಿಗೆ ಹೋಗಬಾರದೆಂದಲ್ಲ. ನೀವು ಹೋಗಬೇಕೆಂದಿರುವ ಊರು ಈಗ ಅಲ್ಲಿಲ್ಲ, ಅಲ್ಲಿಯ ಹುಡುಗರ ಕೈಯಲ್ಲೂ ಫೋನಿದೆ. ಇನ್ನು ಫೋನೇ ಇಲ್ಲದೆ ಇರುವ ವಿಚಾರವನ್ನು ಒಬ್ಬರೇ ಇರುವ ನಿಮ್ಮ ಅಮ್ಮನ ಮುಂದೆ ಹೇಳಿ ನೋಡಿ. ರಾತ್ರಿ ಎದೆ ನೋವು ಬಂದರೆ ನಾಲ್ಕು ದಿನಕ್ಕೆ ತಲುಪುವ ಪತ್ರ ಅವರಿಗೆ ಸಾಕೇ?

ಅದರ ಬದಲು, ಮೂರು ನಾಲ್ಕು ದಿನ ರಜೆ ಹಾಕಿ ಹೋಗಿ. ಮಗಳನ್ನು, ಹೆಂಡತಿಯನ್ನು ಕರೆದುಕೊಂಡು ಹೋಗಿ. ಅಮ್ಮನನ್ನು ಆ ಭಾನುವಾರಗಳ ಬಗ್ಗೆ ಕೇಳಿ, ನಾನು ಮೇಲೆ ಕೇಳಿದ ಪ್ರಶ್ನೆಗಳನ್ನೇ ಕೇಳಿ. ಟಿವಿ ಕೊಳ್ಳಲು ಅಪ್ಪ ದುಡ್ಡು ಹೇಗೆ ಹೊಂದಿಸಿದರು, ಕಂತು ಕಟ್ಟಿದರೇ, ಸಾಲ ಮಾಡಿದರೇ, ಅಮ್ಮನ ಯಾವುದಾದರೂ ಒಡವೆ ಅಡವಿಗೆ ಹೋಯಿತೇ ಎಂದು ಕೇಳಿ. ಅವರು ಹೇಳುವಾಗ ನಡುವೆ ಬಾಯಿ ಹಾಕಬೇಡಿ. ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ನಿಮಗೆ ಗೊತ್ತಿರುವ 1987ರ ಪಕ್ಕದಲ್ಲಿ ಅವರ 1987 ಬಂದು ಕೂತಾಗ ಆ ಕಾಲ ಸ್ವಲ್ಪ ಕಡಿಮೆ ಹೊಳೆಯಬಹುದು. ನಿಮ್ಮ ಅಪ್ಪ ಮಾತ್ರ ಹೆಚ್ಚು ನಿಚ್ಚಳವಾಗುತ್ತಾರೆ.

ಮಗಳ ಮೇಲೆ ಬೇಸರ ಬೇಡ. 'ನಮ್ಮ ಕಾಲದಲ್ಲಿ' ಎಂದು ಶುರುವಾಗುವ ಮಾತು ಮಕ್ಕಳ ಕಿವಿಗೆ ತಕರಾರಿನಂತೆ ಕೇಳುತ್ತದೆ, ನೀನು ಹುಟ್ಟಿದ ಕಾಲವೇ ಸರಿಯಿಲ್ಲ ಎಂದ ಹಾಗೆ. ಆ ಕಾಲವನ್ನು ಅವಳು ಆರಿಸಿಕೊಂಡದ್ದಲ್ಲ, ಅವಳ ಕೈಗೆ ಮೊದಲ ಫೋನು ಕೊಟ್ಟವರೂ ನಾವೇ. ಕಾಲದ ಕಥೆ ಬಿಟ್ಟು ಅಜ್ಜನ ಕಥೆ ಹೇಳಿ. ಅವಳಿಗೆ ಹದಿಮೂರು ತುಂಬುವವರೆಗೂ ಅಜ್ಜ ಇದ್ದರು, ಅವಳಿಗೂ ದುಃಖವಿರುತ್ತದೆ. ಆದರೆ ಅವಳು ಕಂಡದ್ದು ವಯಸ್ಸಾದ ಅಜ್ಜನನ್ನು. ಪಂಚೆ ಮೇಲೆ ಕಟ್ಟಿ, ಏಣಿ ಹಾಕಿ ಹಂಚು ಹತ್ತುವ ಅಜ್ಜನನ್ನು ಅವಳು ನೋಡಿಲ್ಲ.

ಕೊನೆಗಳನ್ನು ಮತ್ತೆ ಕಟ್ಟಿಕೊಳ್ಳುವುದು ಸಾಧ್ಯವಿದೆ, ಆದರೆ ಮನಸ್ಸಿನ ಬಲ ಒಂದನ್ನೇ ನಂಬಬೇಡಿ. ವಸ್ತುಗಳನ್ನು ನಂಬಿ. ಫೋನುಗಳ ಚಾರ್ಜರ್ ಅಡುಗೆಮನೆಯಲ್ಲೇ ಇರಲಿ, ರಾತ್ರಿ ಹತ್ತೂವರೆಗೆ ನಾಲ್ಕೂ ಅಲ್ಲಿಗೆ ಹೋಗಲಿ, ಮೊದಲು ನಿಮ್ಮದು. ಬೆಳಿಗ್ಗೆ ಎಬ್ಬಿಸಲು ಒಂದು ಒಳ್ಳೆಯ ಅಲಾರಂ ಗಡಿಯಾರವನ್ನೇ ತನ್ನಿ. ವಾರಕ್ಕೊಂದು ದಿನ ಮೂವರೂ ಒಂದೇ ಪರದೆಯಲ್ಲಿ ಒಂದೇ ಸಿನಿಮಾ ನೋಡಿ, ಯಾವುದು ಎಂದು ಮಗಳು ಆರಿಸಲಿ. ನಿಮಗೆ ಅದು ಹಿಡಿಸದಿದ್ದರೂ ಪೂರ್ತಿ ಕೂತು ನೋಡಿ.

ಇನ್ನು ಒಂದು ಎಚ್ಚರಿಕೆಯ ಮಾತು. ನಿದ್ದೆ ಹೋಗುತ್ತಿರುವುದು ನನಗೆ ಚಿಂತೆಯ ಸಂಗತಿ. ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಬಹುಪಾಲು ಮಂಕು ಕವಿದಿದ್ದರೆ, ಮೊದಲು ಇಷ್ಟವಿದ್ದದ್ದು ಯಾವುದೂ ಈಗ ಬೇಡವೆನಿಸಿದರೆ, ಊಟ ಸೇರದಿದ್ದರೆ, ಬದುಕೇ ಸಾಕು ಎಂಬ ಯೋಚನೆ ಒಮ್ಮೆ ಸುಳಿದರೂ, ಅದನ್ನು ಹಳೆ ಕಾಲದ ಹಂಬಲ ಎಂದು ತಳ್ಳಿಹಾಕಬೇಡಿ, ಮನೋವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಫೋನು ಬಿಡಲು ನೀವಾಗಿ ಪ್ರಯತ್ನಿಸಿ ಸೋತರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ 2014ರಲ್ಲಿ ತೆರೆದ 'ಶಟ್' ಕ್ಲಿನಿಕ್ ಇದೆ. ಅಲ್ಲಿಗೆ ಹೋಗುವುದು ಹದಿಹರೆಯದ ಹುಡುಗರು ಮಾತ್ರ ಅಂದುಕೊಳ್ಳಬೇಡಿ.

ಊರಿಗೆ ಹೋದಾಗ ಹಿತ್ತಿಲನ್ನೋ ಅಟ್ಟವನ್ನೋ ಒಮ್ಮೆ ನೋಡಿ. ಹಳೆಯ ಆಂಟೆನಾಗಳನ್ನು ನಮ್ಮ ಜನ ಸುಲಭಕ್ಕೆ ಗುಜರಿಗೆ ಹಾಕುವುದಿಲ್ಲ. ಬಟ್ಟೆ ಒಣಗಿಸಲೋ ಅವರೆ ಬಳ್ಳಿ ಹಬ್ಬಿಸಲೋ ಆ ಕೊಳವೆಗಳನ್ನು ಬಳಸಿಕೊಂಡಿರುತ್ತಾರೆ. ಸಿಕ್ಕರೆ ಮಗಳ ಕೈಗೆ ಕೊಟ್ಟು, ಅಜ್ಜ ಎಲ್ಲಿ ನಿಲ್ಲುತ್ತಿದ್ದರು ಎಂದು ಅಂಗಳದಿಂದ ತೋರಿಸಿ. ಆಮೇಲೆ ಬಿಡುವಾದಾಗ ನನಗೊಂದು ಕಾಗದ ಬರೆಯಿರಿ. ಅಮ್ಮ ಏನು ಹೇಳಿದರು ಎಂದು ತಿಳಿಯುವ ಆಸೆ ನನಗಿದೆ.